ಬೂಟಿನ ಮೇಲಿನ ಕೆಂಪು ಗುಂಡಿ

ಸಹೃದಯ ವಾಚಕ ಮಹಾಶಯರಲ್ಲಿ ಒಂದು ವಿಜ್ಞಾಪನೆ. ಈ ಕಥಾನಕದಲ್ಲಿ ಖಡ್ಗವಿಲ್ಲ, ಕೊಲೆಯಿಲ್ಲ, ನಡುವೆ ಮಾಯವಾಗುವ ಸುಂದರಿಯೂ ಇಲ್ಲ. ಇರುವುದು ಒಬ್ಬ ಅತ್ತಿಗೆ, ಒಬ್ಬ ನಾದಿನಿ, ಮತ್ತು ಇಟ್ಟಿಗೆಪುಡಿ ಹಾಸಿದ ಒಂದು ಟೆನಿಸ್ ಕೋರ್ಟು. ಆದರೂ ಪಣಕ್ಕಿದ್ದದ್ದು ಸಣ್ಣದಲ್ಲವೆಂದು ತಾವು ಒಪ್ಪುವಿರೆಂಬ ಭರವಸೆಯಿಂದ ಆರಂಭಿಸಲಾಗಿದೆ.

ಅತ್ತಿಗೆಗೆ ನಲವತ್ತನಾಲ್ಕು ವರ್ಷ. ಪರದೇಶದ ಆ ಪಟ್ಟಣದಲ್ಲಿ ಬಟ್ಟೆ ತಿದ್ದುವ ಅಂಗಡಿಯೊಂದರಲ್ಲಿ ಅವಳಿಗೆ ಕೆಲಸ: ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಝಿಪ್ಪು ಬದಲಿಸುವುದು, ಹೊಟ್ಟೆ ಬಂದವರ ಸೊಂಟಪಟ್ಟಿಯನ್ನು ಎರಡು ಬೆರಳು ಬಿಡುವುದು. ಅಂಗಡಿ ನೆಲಮಾಳಿಗೆಯಲ್ಲಿದ್ದುದರಿಂದ ಕಿಟಕಿಯಲ್ಲಿ ಕಾಣುತ್ತಿದ್ದದ್ದು ದಾರಿಹೋಕರ ಬೂಟುಗಳು ಮಾತ್ರ. ಆರು ವರ್ಷದಲ್ಲಿ ಊರಿನ ಅರ್ಧ ಜನರ ಕಾಲಿನ ಅಳತೆ ಅವಳ ಬಾಯಿಗೆ ಬಂದಿತ್ತು. ಅವಳ ಹೆಸರು ಮಾತ್ರ ಒಬ್ಬರ ಬಾಯಿಗೂ ಬಂದಿರಲಿಲ್ಲ.

ಅಂಥವಳನ್ನು ಎರಡು ವರ್ಷದ ಹಿಂದೆ ನಾದಿನಿ ಕ್ಲಬ್ಬಿಗೆ ಎಳೆದುಕೊಂಡು ಹೋದಳು. ನಾದಿನಿ ಅದೇ ಪಟ್ಟಣದಲ್ಲಿ ಸಿಟಿ ಬಸ್ಸು ಓಡಿಸುವವಳು. ಮಾತೂ ಬಸ್ಸಿನಂತೆಯೇ, ನಿಲ್ದಾಣ ಬಂದರಷ್ಟೇ ನಿಲ್ಲುವುದು. ಅಲ್ಲಿ ಮಹಿಳೆಯರ ಮೂರನೆಯ ತಂಡಕ್ಕೆ ಡಬಲ್ಸ್ ಜೋಡಿ ಬೇಕಾಗಿತ್ತು. ತಂಡದ ನಾಯಕಿ ನಿವೃತ್ತ ಅಂಚೆಯಾಕೆ. ಇವರಿಬ್ಬರೂ ತಮ್ಮತಮ್ಮಲ್ಲೇ ಆಕೆಯನ್ನು ಅಂಚೆಯಮ್ಮ ಎನ್ನುತ್ತಿದ್ದರು. ಮೊದಲ ದಿನವೇ ಅಂಚೆಯಮ್ಮ ಅತ್ತಿಗೆಯ ಕೈ ಕುಲುಕಿ ಹೇಳಿದ್ದಳು: “ಶನಿವಾರ ಒಂಬತ್ತಕ್ಕೆ. ನೀವು ಬರದಿದ್ರೆ ತಂಡವೇ ಇಲ್ಲ.” ತಾನು ಬರದಿದ್ದರೆ ಇಲ್ಲವಾಗುವಂಥದ್ದು ಆ ಊರಿನಲ್ಲಿ ಒಂದಾದರೂ ಇದೆಯೆಂಬ ಮಾತು ಅತ್ತಿಗೆಯ ಎದೆಯೊಳಗೆ ಹೊಲಿಗೆ ಹಾಕಿದಂತೆ ಕೂತುಬಿಟ್ಟಿತು.

ಈ ಬೇಸಿಗೆಯ ಆರಂಭದಲ್ಲಿ ಕ್ಲಬ್ಬಿನ ಸಮಿತಿ ಫಲಕದಲ್ಲೊಂದು ಚೀಟಿ ಅಂಟಿಸಿತು: ಮೂರನೆಯ ತಂಡ ಕೆಳದರ್ಜೆಗೆ ಇಳಿದರೆ ಅದನ್ನು ಮುಚ್ಚಲಾಗುವುದು.

ಅದನ್ನು ಓದಿಕೊಂಡು ಹೋದ ಮೊದಲ ಪಂದ್ಯದಲ್ಲೇ ಅತ್ತಿಗೆ ಎಡವಟ್ಟು ಮಾಡಿದಳು.

ಅವಳು ಆಟ ಕಲಿತದ್ದು ತವರಿನಲ್ಲಿ, ಅಪ್ಪನ ಆಫೀಸಿನ ಕ್ವಾರ್ಟರ್ಸಿನ ಮಣ್ಣಿನ ಕೋರ್ಟಿನಲ್ಲಿ. ಅಲ್ಲಿ ಗೆರೆಯೆಂದರೆ ಸುಣ್ಣದ ಪುಡಿ. ಚೆಂಡು ಗೆರೆಯ ಹತ್ತಿರ ಬಿದ್ದರೆ ಪುಡಿ ಚೆದುರುತ್ತಿತ್ತು. ಚೆದುರಿದ್ದನ್ನು ಹತ್ತಿರವಿದ್ದವರು ಕಾಲಿನಿಂದ ಒರೆಸಿ ಸಮ ಮಾಡಬೇಕು. ಮಾಡದವರಿಗೆ ಅಪ್ಪನ ಸ್ನೇಹಿತರು, “ಏನಮ್ಮ, ಉಂಡೆಲೆ ತೆಗೆಯೋಕೆ ಆಳು ಬರಬೇಕಾ?” ಎನ್ನುತ್ತಿದ್ದರು. ಹೀಗೆ ಒರೆಸುವುದು ಅವಳ ಕಾಲಿಗೆ ಅಂಟಿದ ಮರ್ಯಾದೆ.

ಪರದೇಶದ ಲೀಗಿನಲ್ಲಿ ನಿಯಮವೇ ಬೇರೆ. ಅಂಪೈರ್ ಇಲ್ಲ, ತಮ್ಮ ಕಡೆ ಬಿದ್ದ ಚೆಂಡನ್ನು ತಾವೇ ಔಟ್ ಎನ್ನಬೇಕು. ಇಟ್ಟಿಗೆಪುಡಿಯಲ್ಲಿ ಚೆಂಡಿನ ಗುರುತು ಉಳಿಯುತ್ತದೆ; ಅನುಮಾನ ಬಂದ ಎದುರಾಳಿ ಇತ್ತ ಬಂದು ಅದನ್ನು ನೋಡಬಹುದು. ನೋಡುವ ಮೊದಲೇ ಗುರುತನ್ನು ಅಳಿಸಿದವರು ಪಾಯಿಂಟನ್ನು ಬಿಟ್ಟುಕೊಟ್ಟಂತೆ. ಎರಡು ವರ್ಷದಲ್ಲಿ ಯಾವ ಎದುರಾಳಿಯೂ ಅದಕ್ಕೆ ಪಟ್ಟು ಹಿಡಿದಿರಲಿಲ್ಲ.

ಅಂದು ಅತ್ತಿಗೆ ಎರಡು ಸಲ ಔಟ್ ಎಂದು ಕೈಯೆತ್ತಿ, ಎರಡು ಸಲವೂ ಸಂಭಾವಿತಳಂತೆ ಗುರುತನ್ನು ಒರೆಸಿದಳು. ಎದುರಾಳಿ ಉದ್ದನೆಯ ಕಾಲಿನ ಹೆಂಗಸು. ನಾದಿನಿ ಅವಳಿಗೆ ಕೊಕ್ಕರೆ ಎಂದು ಹೆಸರಿಟ್ಟಿದ್ದಳು. ಕೊಕ್ಕರೆ ನೆಟ್ಟಿನ ಬಳಿ ಬಂದು ನಕ್ಕಳು.

“ಅಳಿಸಿದ್ರೆ ಪಾಯಿಂಟ್ ನಮ್ದು. ನಿಯಮ ಓದಿ ಬನ್ನಿ.”

ಡಬಲ್ಸ್ ಹೋಯಿತು, ಅದರ ಹಿಂದೆ ಪಂದ್ಯವೂ ಹೋಯಿತು.

“ಅತ್ತಿಗೆ, ಅದೇನು ಮನೆ ಹೊಸಿಲಾ, ಒರೆಸಿ ರಂಗೋಲಿ ಹಾಕೋಕೆ?” ಎಂದಳು ನಾದಿನಿ, ವಾಪಸು ಬರುವ ದಾರಿಯಲ್ಲಿ.

“ಆಡ್ಕೋ, ಆಡ್ಕೋ. ನಿನ್ನ ಬಾಯಿಗೆ ಬ್ರೇಕ್ ಯಾವಾಗ ಹಾಕ್ಸಿದಾರೆ?”

“ಬೇಜಾರಾಯ್ತಾ?”

“ಬೇಜಾರಲ್ಲ ಕಣೇ. ಮೂವತ್ತು ವರ್ಷದ ಅಭ್ಯಾಸ, ಕಾಲು ನನ್ನ ಮಾತು ಕೇಳಲ್ಲ. ಕೇಳೋ ಹಾಗೆ ಮಾಡ್ತೀನಿ.”

ಮರುದಿನ ಅಂಗಡಿಯಲ್ಲಿ ಅತ್ತಿಗೆ ಗುಂಡಿಗಳ ಡಬ್ಬಿ ಸುರುವಿ, ಓವರ್‌ಕೋಟಿನದೊಂದು ದಪ್ಪ ಕೆಂಪು ಗುಂಡಿಯನ್ನು ಆರಿಸಿದಳು. ಬಲಗಾಲಿನ ಟೆನಿಸ್ ಬೂಟಿನ ಮೂತಿಯ ಮೇಲೆ ಅದನ್ನು ನಾಲ್ಕೆಳೆ ದಾರದಿಂದ ಬಿಗಿದಳು. ಕಾಲು ಎತ್ತಿದಾಗಲೆಲ್ಲ ಕೆಂಪು ಕಾಣಬೇಕು, ಕಂಡೊಡನೆ ನಿಲ್ಲಬೇಕು.

“ಸಿಗ್ನಲ್ ದೀಪಾನಾ?” ಎಂದು ನಾದಿನಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಹೂಂ. ನಿನಗಾದ್ರೂ ಅರ್ಥ ಆಗ್ಬೇಕು.”

ಬೇಸಿಗೆಯುದ್ದಕ್ಕೂ ಬೆಳಿಗ್ಗೆ ಆರಕ್ಕೆ, ಬಸ್ಸಿನ ಪಾಳಿಗೂ ಅಂಗಡಿಯ ಬಾಗಿಲಿಗೂ ಮುಂಚೆ, ಇಬ್ಬರೂ ಅಭ್ಯಾಸ ಮಾಡಿದರು. ನಾದಿನಿ ಬೇಕೆಂದೇ ಗೆರೆಯ ಆಚೆಗೆ ಒಂದೇ ಸಮನೆ ಚೆಂಡು ಹಾಕುವಳು. ಅತ್ತಿಗೆ ಔಟ್ ಎಂದು ಕೂಗಿ, ಪಾದಗಳನ್ನು ಜೋಡಿಸಿ, ಗುರುತಿನ ಪಕ್ಕದಲ್ಲಿ ಕಾವಲುಗಾರ್ತಿಯಂತೆ ನಿಲ್ಲುವಳು. ಮೊದಲ ವಾರ ಇಪ್ಪತ್ತರಲ್ಲಿ ಹನ್ನೊಂದು ಸಲ ಕಾಲು ಒರೆಸಿಯೇ ಬಿಟ್ಟಿತು. ತಿಂಗಳು ಕಳೆಯುವಷ್ಟರಲ್ಲಿ ಎರಡು ಸಲಕ್ಕೆ ಇಳಿಯಿತು. ಆ ಎರಡು ಮಾತ್ರ ಕೊನೆಯವರೆಗೂ ಪೂರ್ತಿ ಹೋಗಲಿಲ್ಲ.

ಕೊನೆಯ ಶನಿವಾರ ಕೊಕ್ಕರೆಯ ತಂಡವೇ ಇವರ ಕ್ಲಬ್ಬಿಗೆ ಬಂದಿತು. ಗೆದ್ದರೆ ತಂಡ ಉಳಿಯುತ್ತದೆ, ಸೋತರೆ ಮುಚ್ಚುತ್ತದೆ. ನಾಲ್ಕು ಸಿಂಗಲ್ಸಿನಲ್ಲಿ ಎರಡು ಅವರಿಗೆ, ಎರಡು ಇವರಿಗೆ. ಉಳಿದದ್ದು ಡಬಲ್ಸ್ ಒಂದೇ.

ಅಂಚೆಯಮ್ಮ ಭಾಷಣ ಮಾಡಲಿಲ್ಲ. ಹೊಸ ಚೆಂಡುಗಳ ಡಬ್ಬಿಯನ್ನು ಅತ್ತಿಗೆಯ ಕೈಗಿಟ್ಟು, “ಸಮಿತಿಯವರೆಲ್ಲ ಕೂತಿದಾರೆ. ಅವರ ಕಡೆ ನೋಡ್ಬೇಡಿ,” ಎಂದಳಷ್ಟೇ.

ಮೊದಲ ಸೆಟ್ ಇವರದಾಯಿತು. ಎರಡನೆಯದರಲ್ಲಿ ಕೊಕ್ಕರೆ ನೆಟ್ಟಿಗೆ ಬಂದು ನಿಂತು ಎಲ್ಲವನ್ನೂ ಹೆಕ್ಕಿಬಿಟ್ಟಳು. ಮೂರನೆಯದರ ಬದಲಿಗೆ ಹತ್ತು ಪಾಯಿಂಟಿನ ಟೈಬ್ರೇಕರ್. ಅತ್ತಿಗೆಯ ಮೊಣಕಾಲು ಉರಿಯುತ್ತಿತ್ತು, ಬೆವರು ಕಣ್ಣಿಗಿಳಿಯುತ್ತಿತ್ತು. ಎಂಟು-ಎಂಟು.

ಆಗ ನಾದಿನಿ ಮೈಯೆಲ್ಲ ಹಾಕಿ ಒಂದು ಹೊಡೆತ ಬಿಟ್ಟಳು. ಚೆಂಡು ಎದುರಿನ ಪಕ್ಕದ ಗೆರೆಯ ಬಳಿ ಬಿತ್ತು. ಕೊಕ್ಕರೆ ಬೆರಳೆತ್ತಿ, “ಔಟ್!” ಎಂದಳು.

“ಗುರುತು ನೋಡ್ತೀನಿ,” ಎಂದು ಅತ್ತಿಗೆ ನೆಟ್ಟನ್ನು ಬಳಸಿಕೊಂಡು ಹೊರಟಳು.

ಆ ಮಾತಿಗೇ ಕೊಕ್ಕರೆಗೆ ರೇಗಿತು. “ಇಷ್ಟು ದೂರ ಔಟ್, ಅದಕ್ಕೂ ನೋಡ್ಬೇಕಾ?” ಎಂದು ಹಿಮ್ಮಡಿಯ ಮೇಲೆ ಗಿರಕ್ಕನೆ ತಿರುಗಿದಳು. ಅತ್ತಿಗೆ ಬರುವ ಹೊತ್ತಿಗೆ ಅಲ್ಲಿ ಗುರುತಿರಲಿಲ್ಲ. ಹಿಮ್ಮಡಿ ಕೊರೆದ ಅರ್ಧಚಂದ್ರವೊಂದೇ ಇತ್ತು.

ಅತ್ತಿಗೆಗೆ ಆ ದೇಶದ ಭಾಷೆ ಅಂಗಡಿಗೆ ಸಾಕಾಗುವಷ್ಟೇ ಬರುತ್ತಿತ್ತು: ಉದ್ದ, ಗಿಡ್ಡ, ಗುರುವಾರ ಬನ್ನಿ. ಇದ್ದಷ್ಟನ್ನೇ ಗಟ್ಟಿಯಾಗಿ ಬಳಸಿದಳು.

“ಗುರುತು ತೋರ್ಸಿ.”

“ಹೊರಗೆ ಬಿದ್ದದ್ದು ಕಣ್ಣಾರೆ ಕಂಡಿದೀನಿ.”

“ಗುರುತು ತೋರ್ಸಿ.”

ನಾದಿನಿ ನೆಟ್ಟಿನಾಚೆಯಿಂದ ಮೆಲ್ಲಗೆ, “ಅತ್ತಿಗೆ, ಬಿಟ್ಬಿಡಿ, ಮತ್ತೆ ಆಡೋಣ. ಎಲ್ಲ ನೋಡ್ತಿದಾರೆ,” ಎಂದಳು.

“ನೋಡ್ಲಿ. ಅವತ್ತು ನಂದು ಬಿಟ್ರಾ? ನಿಯಮ ಇವರೇ ಕಲಿಸಿದ್ದು, ನಾನು ಮರೆತಿಲ್ಲ ಅಂತ ತಿಳೀಲಿ.” ಬೂಟುಗಳನ್ನು ಜೋಡಿಸಿ, ರಾಕೆಟ್ಟನ್ನು ಎದೆಗವಚಿಕೊಂಡು ಅವಳು ನಿಂತೇ ಇದ್ದಳು. ಕೊನೆಗೆ ಕೊಕ್ಕರೆಯ ಜೊತೆಗಾರ್ತಿಯೇ ತಲೆತಗ್ಗಿಸಿ, “ಅಳಿಸಿದ್ದು ನಾವು. ಪಾಯಿಂಟ್ ಅವರದು,” ಎಂದಳು.

ಒಂಬತ್ತು-ಎಂಟು.

ಮುಂದಿನದು ಉದ್ದನೆಯ ಆಟ. ಚೆಂಡು ಇಪ್ಪತ್ತು ಸಲವಾದರೂ ನೆಟ್ಟು ದಾಟಿರಬೇಕು. ಕೊಕ್ಕರೆ ಎತ್ತರಕ್ಕೆ ಹಾರಿಸಿದ್ದು ಅತ್ತಿಗೆಯ ತಲೆಯ ಮೇಲಿಂದ ಹೋಗಿ ಹಿಂದಿನ ಗೆರೆಯ ಬಳಿ ಇಳಿಯಿತು. ತಿರುಗಿ ಓಡಿದ ಅತ್ತಿಗೆ ಕಣ್ಣಾರೆ ಕಂಡಳು.

“ಔಟ್!”

ಕೂಗಿದ ಮರುಕ್ಷಣವೇ ಬಲಗಾಲು ತನ್ನಷ್ಟಕ್ಕೆ ತಾನೇ ಎದ್ದಿತು. ಬೆಳಿಗ್ಗೆ ಆರರ ಅಭ್ಯಾಸಗಳೆಲ್ಲ ಎಲ್ಲಿ ಹೋದವೋ. ಕಾಲು ಮಾತ್ರ ಅಪ್ಪನ ಕ್ವಾರ್ಟರ್ಸಿಗೆ ಹೊರಟಿತ್ತು. ಗುರುತಿನಿಂದ ಒಂದು ಗೇಣು ಮೇಲೆ ಕೆಂಪು ಗುಂಡಿ ಕಂಡಿತು. ಅತ್ತಿಗೆ ಒಂಟಿಕಾಲಿನಲ್ಲಿ ತೂಗಾಡುತ್ತ, ಎತ್ತಿದ ಪಾದವನ್ನು ಇಷ್ಟಿಷ್ಟೇ ಹಿಂದಕ್ಕೆಳೆದು ಗೆರೆಯ ಈಚೆ ಇಟ್ಟಳು.

“ಬಂದು ನೋಡಿ,” ಎಂದಳು.

ಕೊಕ್ಕರೆ ಬಂದಳು, ಮೊಣಕಾಲೂರಿದಳು. ಅತ್ತಿಗೆಯೂ ಎದುರಿಗೆ ಕುಕ್ಕರಗಾಲಿನಲ್ಲಿ ಕೂತಳು. ಗುರುತಿಗೂ ಗೆರೆಗೂ ನಡುವೆ ಕೆಂಪು ಪುಡಿಯ ಒಂದು ಸಣ್ಣ ಸಂದು. ಹೊಲಿಗೆಯವಳ ಕಣ್ಣಿಗೆ ಅದು ಎರಡು ನೂಲಿನಗಲ, ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಕೊಕ್ಕರೆ ಬಹಳ ಹೊತ್ತು ನೋಡಿದಳು. ಆಮೇಲೆ ಎದ್ದು, ಪುಡಿಯನ್ನು ಪ್ಯಾಂಟಿಗೆ ಒರೆಸಿಕೊಂಡು ಕೈ ಚಾಚಿದಳು.

“ಔಟ್. ಆ ಗುಂಡಿ ಏನದು?”

“ನನ್ನ ಮೇಷ್ಟ್ರು,” ಎಂದಳು ಅತ್ತಿಗೆ.

ಹತ್ತು-ಎಂಟು, ತಂಡ ಉಳಿಯಿತು. ಸಮಿತಿಯವರ ಬೆಂಚಿನ ಕಡೆಗೆ ಅಂಚೆಯಮ್ಮ ನೋಡುತ್ತ ನಿಂತಳು, ಎಲ್ಲ ಮನೆಗಳಿಗೂ ಕಾಗದ ಮುಟ್ಟಿಸಿ ಬಂದವಳಂತೆ.

ಆಡಿದವರೇ ಕೋರ್ಟನ್ನು ಗುಡಿಸುವುದು ಅಲ್ಲಿನ ಕಟ್ಟಳೆ. ಅತ್ತಿಗೆ ಬಲೆಯ ಚಾಪೆಯನ್ನು ಎಳೆಯುತ್ತ ಸುತ್ತಿದಳು; ಆ ಒಂದು ಗುರುತನ್ನು ಕೊನೆಗೆ ಉಳಿಸಿಕೊಂಡಳು. ಅದರ ಬಳಿ ಬಂದಾಗ ಚಾಪೆ ಬಿಟ್ಟು, ಬಲಗಾಲಿನಿಂದ ಮನಸಾರೆ ಒರೆಸಿದಳು.

“ಇನ್ನು ಬಿಚ್ಚಿ ಬಿಸಾಕಿ ಅದನ್ನ,” ಎಂದಳು ನಾದಿನಿ, ರಾಕೆಟ್ಟುಗಳನ್ನು ಚೀಲಕ್ಕೆ ತುರುಕುತ್ತ.

“ಯಾಕೆ? ಮುಂದಿನ ಬೇಸಿಗೆಗೆ ನಿಮ್ಮಣ್ಣ ತಂದ್ಕೊಡ್ತಾನಾ? ಇರ್ಲಿ. ಇನ್ನೂ ಎರಡು ಸಲ ಏಳ್ತದೆ ಈ ಕಾಲು.” ಬೂಟಿನ ಪುಡಿ ಕೊಡವಿ, ಗುಂಡಿ ಮೇಲೆ ಬರುವಂತೆ ಚೀಲದಲ್ಲಿಟ್ಟು, ಅವಳು ಎದ್ದಳು. “ನಡಿ, ಎರಡು ಗಂಟೆಗೆ ಅಂಗಡಿ. ನಾಲ್ಕು ಪ್ಯಾಂಟು ಕಾಯ್ತಾ ಇವೆ.”

ಇಬ್ಬರೂ ಗೇಟು ದಾಟಿ ಬಸ್ಸು ಹತ್ತಿದರು. ಅದು ತಿರುವಿನಲ್ಲಿ ಮರೆಯಾದ ಮೇಲೆ, ಬೇಲಿಯ ಹೊರಗಿನ ಕಲ್ಲಿನ ಮೇಲೆ ಕೂತು ನೋಡುತ್ತಿದ್ದ ಈ ಕಥೆಗಾರನೂ ತನ್ನ ಕಾಗದಗಳನ್ನು ಸುತ್ತಿ, ಚೀಲದ ಬಾಯಿ ಬಿಗಿದು, ಹೆಗಲಿಗೇರಿಸಿ, ಎದುರು ದಿಕ್ಕಿನ ರಸ್ತೆ ಹಿಡಿದನು.