ಕದಿರಪ್ಪನ ಮನೆ ಯಾವುದು?

ನಂದಿದುರ್ಗ ಚಿನ್ನದ ಗಣಿಯ ಕೂಲಿಗಳ ಲೈನುಮನೆಗಳಲ್ಲಿ ಸೌದೆಯದೇ ದೊಡ್ಡ ಪೇಚಾಟ. ಕೂಲಿ ಕದಿರಪ್ಪ ಗಣಿಯೊಳಗಿನ ಮುರುಕು ಮರದ ತುಂಡೊಂದನ್ನು ಒಲೆಗೆಂದು ಹೊತ್ತು ತರುವಾಗ ಗೇಟಿನಲ್ಲಿ ಸಿಕ್ಕಿಬಿದ್ದ. ಕೇಳದೆ ತಂದದ್ದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಮ್ಯಾಜಿಸ್ಟ್ರೇಟರ ಮುಂದೆ ಒಪ್ಪಿಕೊಂಡ. ತೀರ್ಪು ಸೋಮವಾರಕ್ಕೆಂದು ಹೇಳಿ ಅವನನ್ನು ಸಬ್‌ಜೈಲಿಗೆ ಕಳಿಸಿದರು.

ಹೆಂಡತಿ ಅಕ್ಕಯ್ಯಮ್ಮ ಗೋಳಾಡುತ್ತಾ ಕೂತಳು. ಪಕ್ಕದ ಮನೆಯ ಮುದುಕ ಚಿಕ್ಕಮುನಿಯಪ್ಪ ಸಮಾಧಾನಕ್ಕೆ ಬಂದ.

"ಅಳ್ಬ್ಯಾಡ ಕಣಮ್ಮಿ. ಜೈಲು ಇರೋದೇ ನಮ್ಮಂತೋರ್ಗೆ. ನಾನು ಏಳು ಸಲ ಓಗ್ಬಂದಿವ್ನಿ. ಒತ್ತಿಗೆ ಸರ್ಯಾಗಿ ಮುದ್ದೆ ಆಕ್ತಾರೆ."

"ಏಳು ಸಲ ಏನ್ ಮಾಡ್ದೆ ಅಣೋ?"

"ಮಾಡಿದ್ದು ಒಂದೇ ಸಲ, ಒಂದು ಕೋಳಿ ಕದ್ದಿದ್ದು. ಆಮ್ಯಾಕೆ ಎಲ್ಲಿ ಏನ್ ಕಳುವಾದ್ರೂ ನನ್ನೇ ಎಳ್ಕೊಂಡೋದ್ರು. ಜೈಲಿನೋನು ಅಂತ ಯಾರೂ ಕೆಲ್ಸಾನೂ ಕೊಡ್ಲಿಲ್ಲ."

ಸಮಾಧಾನ ಆಯಿತೇ? ಅಕ್ಕಯ್ಯಮ್ಮನ ಅಳು ಇನ್ನೂ ಜೋರಾಯಿತು. ಗಂಡನೂ ಹೀಗೇ ಆಗಿಬಿಟ್ಟರೆ ಎರಡು ಮಕ್ಕಳನ್ನು ಕಟ್ಟಿಕೊಂಡು ಅವಳ ಗತಿಯೇನು?

ಮಾರನೆಯ ದಿನ ಪ್ಯಾಂಟು ತೊಟ್ಟವರೊಬ್ಬರು ಕಾಗದ ಹಿಡಿದು ಸೈಕಲ್ಲಿನಲ್ಲಿ ಬಂದರು. "ಕದಿರಪ್ಪನ ಮನೆ ಯಾವುದು?"

ಪ್ಯಾಂಟಿನವರು ಹೆಸರು ಕೇಳಿದರೆ ಲೈನಿನಲ್ಲಿ ಯಾರಿಗೂ ಯಾರೂ ಗೊತ್ತಿಲ್ಲ. ಅದು ಅಲ್ಲಿನ ರೂಢಿ. ಎದುರುಮನೆಯ ಆರುಮುಗಂ, "ತೆರಿಯಾದು ಸಾರ್" ಎಂದು ತಮಿಳಿನಲ್ಲಿ ಗೊತ್ತಿಲ್ಲವೆಂದು ಕೈಯಾಡಿಸಿದ. ನಲ್ಲಿಯ ಹತ್ತಿರವಿದ್ದ ಅಕ್ಕಯ್ಯಮ್ಮನೇ, "ಆ ಎಸ್ರಿನೋರು ಇಲ್ಲಿ ಯಾರೂ ಇಲ್ಲ ಸ್ವಾಮಿ" ಎಂದುಬಿಟ್ಟಳು. ಬಂದವರು ಏನೋ ಬರೆದುಕೊಂಡು ಹೊರಟುಹೋದರು. ಪೊಲೀಸಿನವನಿಗೆ ಚೆನ್ನಾಗಿ ಟೋಪಿ ಹಾಕಿದೆ ಎಂದು ಅವಳಿಗೆ ಹೆಮ್ಮೆ ಬೇರೆ!

ಅದೇ ಹೊತ್ತಿಗೆ ಹೆರಿಗೆ ಆಸ್ಪತ್ರೆಯ ದಾದಿ ಆದಿಲಕ್ಷ್ಮಮ್ಮ ಬಂದಳು. ಸೈಕಲ್ಲಿನವರನ್ನು ದಾರಿಯಲ್ಲಿ ಕಂಡು ಗುರುತು ಹಿಡಿದಿದ್ದಳು. ವಿಷಯ ಕೇಳಿ ಹಣೆ ಚಚ್ಚಿಕೊಂಡಳು.

"ಅಯ್ಯೋ ನಿನ್ ತಲೆ! ಅವ್ರು ಪೊಲೀಸಲ್ಲ, ಪ್ರೊಬೇಷನ್ ಅಧಿಕಾರಿ ಜಯರಾಮಪ್ಪ. ಕೋರ್ಟೇ ಕಳ್ಸೈತೆ. ಮೊದಲ್ನೇ ಸಲ ಸಣ್ಣ ತಪ್ಪು ಮಾಡ್ದೋರನ್ನ ಜೈಲಿಗಾಕ್ದೆ, ಮುಚ್ಚಳಿಕೆ ಬರೆಸ್ಕೊಂಡು ಬಿಡ್ಬೋದು ಅಂತ ಕಾನೂನು ಬಂದೈತೆ. ಅವ್ನಿಗೆ ಮನೆ ಐತಾ, ದುಡಿಯೋನಾ ಅಂತ ಕೇಳಕ್ಕೆ ಬಂದ್ರೆ, ಅಂತೋನೇ ಇಲ್ಲ ಅಂತ ನೀನೇ ಬರೆಸ್ದಲ್ಲೇ!"

ಅಕ್ಕಯ್ಯಮ್ಮ ಕೊಡ ಅಲ್ಲೇ ಬಿಟ್ಟು ಓಡಿದಳು. ಆಂಡರ್ಸನ್‌ಪೇಟೆ ರಸ್ತೆಯ ತಿರುವಿನಲ್ಲಿ ಸೈಕಲ್ಲಿಗೆ ಅಡ್ಡ ನಿಂತಳು.

"ಸ್ವಾಮೀ, ನಾನೇ ಕದಿರಪ್ಪನ ಎಂಡ್ತಿ! ಸುಳ್ಳೇಳ್ಬುಟ್ಟೆ!"

ಬೈಯುತ್ತಾರೆಂದು ಕಣ್ಣು ಮುಚ್ಚಿಕೊಂಡಳು. ಜಯರಾಮಪ್ಪ ನಕ್ಕು ಸೈಕಲ್ ತಿರುಗಿಸಿದರು.

ಅಬ್ಬಾ, ಅಷ್ಟು ದೊಡ್ಡ ಅಧಿಕಾರಿ ಅವಳ ಮನೆಯ ಚಾಪೆಯ ಮೇಲೆ ಕೂತರು! ನೀರು ಕುಡಿದರು. ಗಂಡ ಎಷ್ಟು ವರ್ಷದಿಂದ ದುಡಿಯುತ್ತಾನೆ, ಕುಡಿಯುತ್ತಾನೆಯೇ, ಮಕ್ಕಳು ಏನು ಓದುತ್ತಾರೆ, ಎಲ್ಲವನ್ನೂ ಕೇಳಿದರು. ತನ್ನ ಬಾಳನ್ನು ಸರ್ಕಾರದ ಕಾಗದದಲ್ಲಿ ಒಬ್ಬರು ಇಷ್ಟು ಮರ್ಯಾದೆಯಿಂದ ಬರೆದುಕೊಳ್ಳುವುದನ್ನು ನೋಡಿ ಅವಳು ಬೆರಗಾದಳು. ಬಾಗಿಲಲ್ಲಿ ಒಬ್ಬೊಬ್ಬರೇ ಬಂದು ನಿಂತರು. "ನಲ್ಲ ಮನುಷನ್ ಸಾರ್" ಎಂದು ಆರುಮುಗಂ ಕದಿರಪ್ಪನನ್ನು ಹೊಗಳಿದ. ಕೊನೆಗೆ ಚಿಕ್ಕಮುನಿಯಪ್ಪ ಮುಂದೆ ಬಂದ.

"ನನ್ನ ಕಾಲ್ದಲ್ಲಿ ಯಾರೂ ಬಂದು ಕೇಳ್ಲಿಲ್ಲ ಸ್ವಾಮಿ. ಇವ್ನ್ದಾದ್ರೂ ಬರ್ಕಳಿ. ಒಳ್ಳೇವ್ನು."

ಸೋಮವಾರ ಮ್ಯಾಜಿಸ್ಟ್ರೇಟರು ವರದಿ ಓದಿದರು. ಒಂದು ವರ್ಷದ ಸನ್ನಡತೆಗೆ ಮುಚ್ಚಳಿಕೆ ಬರೆಸಿಕೊಂಡು, "ಇನ್ನು ಹೋಗಬಹುದು" ಎಂದರು. ಕದಿರಪ್ಪ ಕಟಕಟೆಯಿಂದ ಕದಲಲೇ ಇಲ್ಲ. ಬೇರೆ ಯಾರಿಗೋ ಹೇಳಿದ್ದೆಂದು ಹಿಂದೆ ತಿರುಗಿ ನೋಡಿದ.

"ನಿಂಗೇ ಯೋಳಿದ್ದು! ಬಾರಯ್ಯ, ಮನೆಗೋಗಾನ" ಎಂದು ಅಕ್ಕಯ್ಯಮ್ಮ ಕೂಗಿದಳು. ಕೋರ್ಟಿನಲ್ಲಿ ಕೂಗಬಾರದು ಎಂಬುದೂ ಅವಳಿಗೆ ನೆನಪಾಗಲಿಲ್ಲ.

ಅಕ್ಕ, ಅಣ್ಣಂದಿರೇ, ನಿಮ್ಮವರು ಮೊದಲ ಸಲ ಸಣ್ಣ ತಪ್ಪಿಗೆ ಸಿಕ್ಕಿಬಿದ್ದರೆ, "ಇದು ಮೊದಲನೆಯದು ಸ್ವಾಮಿ, ನಮ್ಮ ಮನೆಗೆ ಬಂದು ವಿಚಾರಿಸಿ" ಎಂದು ನ್ಯಾಯಾಧೀಶರನ್ನೇ ಕೇಳಿಕೊಳ್ಳಿ. ವಿಚಾರಿಸಲು ಬಂದವರಿಗೆ ನಿಜ ಹೇಳಿ. ಪಕ್ಕದ ಮನೆಯವನ ಪರವಾಗಿ ಎರಡು ಒಳ್ಳೆಯ ಮಾತು ಹೇಳಲು ಅಂಜಬೇಡಿ. ಆ ಎರಡು ಮಾತಿಲ್ಲದೆ ಒಬ್ಬ ಮುದುಕ ಏಳು ಸಲ ಜೈಲು ಕಂಡ.