ದೊರೆಸಾನಿ ಎಂಬ ಹೆಸರು

ಮಗಳ ಯೂನಿಫಾರ್ಮಿನ ಒಂದು ತೋಳಿಗೆ ಇಸ್ತ್ರಿ ಹಾಕಿ ಮುಗಿಸಿದ್ದೆ. ಇನ್ನೊಂದಕ್ಕೆ ಹಾಕುವಷ್ಟರಲ್ಲಿ ಅವಳೇ ಬಂದು ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಹಾಕ್ಬೇಡಮ್ಮ. ನಾನು ಹೋಗಲ್ಲ."

ಮುರಿದ ಕಾಲಿನ ಪ್ಲಾಸ್ಟರ್ ಬಿಚ್ಚಿದ್ದರೂ ಅವಳ ಮೊಣಕಾಲು ಇನ್ನೂ ಮಡಚಲು ಬರುತ್ತಿರಲಿಲ್ಲ. ತರಗತಿಯಲ್ಲಿ ಮಕ್ಕಳೆಲ್ಲ ಚಾಪೆಯ ಮೇಲೆ ಕೂರುತ್ತಾರೆ. ಟೀಚರ್ ಇವಳೊಬ್ಬಳಿಗೆ ಕುರ್ಚಿ ಹಾಕಿಸಿದ್ದರು. ಅಷ್ಟೇ ಸಾಕಾಯಿತು.

"ದೊರೆಸಾನಿ ಬಂದ್ಲು, ದಾರಿ ಬಿಡ್ರೋ ಅಂತಾರೆ," ಎಂದು ಬಿಕ್ಕಿದಳು.

ಸ್ಟೂಲಿನ ಮೇಲೆ ಕುಳಿತು ಬಟಾಣಿ ಬಿಡಿಸುತ್ತಿದ್ದ ನಮ್ಮ ಅತ್ತೆಯ ಕೈ ನಿಂತಿತು. ಬೀದಿಗೆಲ್ಲ ಅವರು ದೊರೆಸಾನಮ್ಮ. ಅವರ ಗತ್ತಿಗೆ ಬಂದ ಹೆಸರು ಎಂದೇ ಸೊಸೆಯಾಗಿ ಬಂದ ಹೊಸತರಲ್ಲಿ ನಾನೂ ತಿಳಿದಿದ್ದೆ.

"ದೊರೆಸಾನಿ ಅಂದ್ರೇನೇ, ಪುಟ್ಟಿ?"

"ದೊರೆ ಹೆಂಡ್ತಿ."

"ನಿಮ್ಮ ತಾತ ಯಾವೂರ ದೊರೆ? ಅಂಗಿ ಕಾರ್ಖಾನೇಲಿ ಬಟ್ಟೆ ಕತ್ತರಿಸ್ತಿದ್ರು. ನಾನು ಅಲ್ಲೇ ಗುಂಡಿ ಹೊಲೀತಿದ್ದೆ. ಹೆಂಗಸರೆಲ್ಲ ಸಾಲಾಗಿ ನೆಲದ ಮೇಲೆ. ನನ್ನ ಈ ಕಾಲು ಹುಟ್ಟಿದಾಗಿಂದ ಮಡಚಲ್ಲ ನೋಡು, ಒಂದು ಸ್ಟೂಲ್ ಕೊಡಿ ಅಂದೆ. 'ದೊರೆಸಾನಿಗೆ ಸಿಂಹಾಸನ ತನ್ರಪ್ಪಾ' ಅಂತ ಬಿದ್ದು ಬಿದ್ದು ನಕ್ಕರು. ಹೆಸರು ಅಂಟ್ಕೊಳ್ತು."

"ಆಮೇಲೆ?"

"ಆಮೇಲೇನು, ಒಂದಿನ ನಿಮ್ಮ ತಾತ ಕತ್ತರಿ ಕೆಳಗಿಟ್ಟು ಎದ್ದು ಬಂದ್ರು. 'ದೊರೆಸಾನಿ ಒಬ್ಬಳೇ ರಾಜ್ಯ ಆಳಿದ್ರೆ ಹೇಗೆ? ದೊರೆ ಕೆಲಸ ಖಾಲಿ ಇದೆಯಾ?' ಅಂತ ಎಲ್ಲರ ಎದುರಿಗೇ ಕೇಳ್ಬಿಟ್ರು. ನಾಚಿಕೆಗೆ ಬೆರಳಿಗೇ ಸೂಜಿ ಚುಚ್ಕೊಂಡೆ ಕಣೇ!"

ಮಗಳು ಮೂಗು ಒರೆಸಿಕೊಳ್ಳುತ್ತಲೇ ನಕ್ಕಳು. ಸದ್ಯ, ಇನ್ನೇನು ಹೊರಡುತ್ತಾಳೆ ಎಂದುಕೊಂಡು ಅಂಗಿಗೆ ಕೈ ಚಾಚಿದೆ. ಅವಳು ತೋಳು ಬಿಡಲಿಲ್ಲ. ಕಣ್ಣು ಅಜ್ಜಿಯ ನೀಳವಾಗಿ ಚಾಚಿದ ಕಾಲಿನ ಮೇಲೆಯೇ ಇತ್ತು. ಶಾಲೆಗೆ ಹೊತ್ತಾಗುತ್ತಿತ್ತು. ಆಗಲಿ ಎಂದು ಇಸ್ತ್ರಿಪೆಟ್ಟಿಗೆಯ ಸ್ವಿಚ್ ಆರಿಸಿದೆ.

ಅವಳು ಕುಂಟುತ್ತ ಹೋಗಿ ಅಜ್ಜಿಯ ಮೊಣಕಾಲಿನ ಮೇಲೆ ಅಂಗೈ ಇಟ್ಟಳು.

"ಅಜ್ಜಿ, ತಾತ ಹಾಗೆ ಕೇಳೋಕ್ಕಿಂತ ಮುಂಚೆ... ಅವರೆಲ್ಲ ಬರೀ ನಗ್ತಿದ್ರಲ್ಲ, ಆಗ ನೀನು ದಿನಾ ಹೇಗೆ ಹೋಗ್ತಿದ್ದೆ?"