ಅರಿಶಿನ ಹಚ್ಚಿದ ಕಿವಿ

ಗುರುಲಿಂಗಪ್ಪ ಸಾಹುಕಾರರ ಕೊಟ್ಟಿಗೆಯ ಅಷ್ಟೂ ದನಗಳಿಗೆ ರೋಗವಿದೆ ಎಂದು ಪಂಚಶೀಲಾಳ ಕಾಗದ ಹೇಳಿತು. ಅವಳ ಮಾತಿಗೆ ಕಮಲಾಪುರದಲ್ಲಿ ಕಿಮ್ಮತ್ತು ಹೋದದ್ದು ಅಲ್ಲಿಂದಲೇ. ಏಕೆಂದರೆ ಆ ದನಗಳಿಗೆ ಏನೂ ಆಗಿರಲಿಲ್ಲ.

ಕಾಗದವೆಂದರೆ ಬರೆಯುವ ಕಾಗದವಲ್ಲ. ಅಂಚೆಚೀಟಿಯಷ್ಟಗಲದ ದಪ್ಪ ಹಾಳೆ, ಅದರೊಳಗೆ ಮೇಣದಿಂದ ಅಂಚು ಕಟ್ಟಿದ ದಾರದಷ್ಟು ಸಣ್ಣ ಕಾಲುವೆಗಳು. ದನದ ಕಿವಿಯಿಂದ ಒಂದು ಹನಿ ರಕ್ತ ತೆಗೆದು ಒಂದು ತುದಿಗೆ ಬಿಟ್ಟು, ಮೇಲೊಂದು ಹನಿ ಕ್ಷಾರದ ದ್ರವ ಬಿಟ್ಟರೆ ಮುಗಿಯಿತು. ರಕ್ತದ ಕೆಂಪೆಲ್ಲ ಮೊದಲ ತಿರುವಿನಲ್ಲೇ ಸೋಸಿ ನಿಲ್ಲುತ್ತದೆ, ತಿಳಿ ಮಾತ್ರ ಮುಂದೆ ಹರಿಯುತ್ತದೆ. ವೈರಸ್ ಇದ್ದರೆ ಇನ್ನೊಂದು ತುದಿಯ ಬಿಳಿ ಕಿಟಕಿ ಕೆಂಪಾಗುತ್ತದೆ, ಇಲ್ಲದಿದ್ದರೆ ಬಿಳಿಯಾಗಿಯೇ ಉಳಿಯುತ್ತದೆ. ಕರೆಂಟು ಬೇಡ, ದೊಡ್ಡ ಯಂತ್ರ ಬೇಡ, ಖರ್ಚು ಒಂದು ಕಪ್ ಚಹಾಕ್ಕಿಂತ ಕಡಿಮೆ. ಕಲಬುರಗಿಯ ಗಾಜಿಪುರದಲ್ಲಿ ಹುಟ್ಟಿ ಬೆಳೆದ ಪಂಚಶೀಲಾ ಪಿಎಚ್‌ಡಿಗೆಂದು ಇದನ್ನೇ ಹಿಡಿದು ಕೂತು ಗೆಳತಿಯರ ಮದುವೆಗಳನ್ನೆಲ್ಲ ತಪ್ಪಿಸಿಕೊಂಡಿದ್ದಳು.

ಅವಳಿಗೆ ಹಠ ಹುಟ್ಟಿಸಿದ್ದು ಆ ವೈರಸ್ಸಿನ ಕಪಟ. ದನಗಳ ಚರ್ಮಗಂಟು ರೋಗ ಸಿಡುಬಿನ ಕುಲದ್ದು. ವೈರಸ್ ಹೊಕ್ಕ ಜೀವಕೋಶ ಸುಮ್ಮನೆ ಸಾಯುವುದಿಲ್ಲ, ಕಳ್ಳ ಬಂದ, ಬಾಗಿಲು ಹಾಕಿಕೊಳ್ಳಿ ಎಂದು ಅಕ್ಕಪಕ್ಕದವಕ್ಕೆ ಕೂಗಿ ಹೇಳುತ್ತದೆ. ಆ ಕೂಗು ಕೇಳಿಸಿಕೊಳ್ಳಲು ಪ್ರತಿ ಕೋಶದ ಮೇಲೂ ಕಿವಿಯಂಥದ್ದೊಂದಿದೆ. ಈ ಕುಲದ ವೈರಸ್ಸುಗಳು ಅಂಥವೇ ಸುಳ್ಳು ಕಿವಿಗಳನ್ನು ತಯಾರಿಸಿ ಹೊರಗೆ ತೇಲಿಬಿಡುತ್ತವೆ. ಕೂಗೆಲ್ಲ ಆ ಸುಳ್ಳು ಕಿವಿಗೆ ಬಿದ್ದು ಅಲ್ಲೇ ಅಡಗುತ್ತದೆ, ನೆರೆಯವರು ಹಾಯಾಗಿ ನಿದ್ದೆ ಹೊಡೆಯುತ್ತಿರುತ್ತಾರೆ. ಮೈಮೇಲೆ ಗಂಟು ಏಳುವ ಹೊತ್ತಿಗೆ ನೊಣ ಸೊಳ್ಳೆಗಳು ರೋಗವನ್ನು ಪಕ್ಕದ ಕೊಟ್ಟಿಗೆಗೆ ದಾಟಿಸಿಬಿಟ್ಟಿರುತ್ತವೆ. ಗಂಟು ಏಳುವ ಮೊದಲೇ ಕಳ್ಳನನ್ನು ಹಿಡಿಯಬೇಕು ಎಂಬುದೇ ಅವಳ ಕಾಗದದ ಕೆಲಸ.

ಕಮಲಾಪುರದ ಊರಾಚೆಯ ಕೇರಿಯಲ್ಲಿ ಅವಳ ಸೋದರತ್ತೆ ಹಣಮಮ್ಮ ಇದ್ದಳು. ಒಂದೇ ಆಕಳು, ಕೆಂಚಿ. ಅದರ ಹಾಲಿನ ಮೇಲೆಯೇ ಅತ್ತೆಯ ಸಂಸಾರ. ಮೊದಲ ಪರೀಕ್ಷೆಗೆ ಮಾತ್ರ ಹತ್ತಾರು ದನ ಒಂದೇ ಕಡೆ ಬೇಕಿತ್ತು, ಅಷ್ಟು ಇದ್ದದ್ದು ಗುರುಲಿಂಗಪ್ಪನವರ ಮನೆಯಲ್ಲಿ. ಅವರು ಖುಷಿಯಿಂದಲೇ ಒಪ್ಪಿದರು, ಚಹಾ ತರಿಸಿದರು. ಅವರ ಹೆಂಡತಿ ಅಂಬಮ್ಮ ಪಕ್ಕದಲ್ಲಿ ನಿಂತು ನಗುನಗುತ್ತಲೇ ಕೇಳಿದಳು.

“ನೀ ಯಾರ ಪೈಕಿ ಯವ್ವಾ?”

“ಇಲ್ಲೇ ಹಣಮಮ್ಮ ಇದ್ದಾಳಲ್ರೀ, ಆಕಿ ಅಣ್ಣನ ಮಗಳ್ರೀ.”

ಅಂಬಮ್ಮನ ನಗು ಹೋಗಲಿಲ್ಲ, ಆದರೆ ಅವಳು ಒಳಗೆ ಹೋದಳು. ಬಂದಾಗ ಕೈಯಲ್ಲಿ ಬಟ್ಟಲು ತುಂಬ ಕಲಸಿದ ಅರಿಶಿನ. ಒಂದೊಂದೇ ದನದ ಕಿವಿಗೆ ದಪ್ಪಗೆ ಮೆತ್ತುತ್ತ ಹೋದಳು. “ನಮ್ಮ ಮನಿ ಪದ್ಧತಿ ಹಿಂಗ ಅದ. ಸೂಜಿ ಮುಟ್ಟೂಕಿಂತ ಮೊದಲ ಹಚ್ಚಬೇಕು” ಎಂದಳು.

ಅರಿಶಿನ ಸೂಜಿಗಲ್ಲ, ತನ್ನ ಕೈಗೆ ಎಂದು ಪಂಚಶೀಲಾಗೆ ತಿಳಿಯಿತು. ತಿಳಿಯದೆ ಏನು, ಇಂಥವನ್ನು ತಿಳಿದುಕೊಳ್ಳಲು ಅವಳ ಮನೆಯವರು ಯಾರೂ ಶಾಲೆಗೆ ಹೋಗಬೇಕಾಗಿರಲಿಲ್ಲ. ಬಾಯಿ ಬಿಟ್ಟರೆ ಕೊಟ್ಟಿಗೆಯ ಬಾಗಿಲು ಮುಚ್ಚುತ್ತದೆ, ಕೆಲಸ ಆಗಲಿ ಎಂದು ನಾಲಿಗೆ ಕಚ್ಚಿಕೊಂಡಳು. ಆ ಅವಮಾನ ನುಂಗುವುದರಲ್ಲೇ ಅವಳ ಬುದ್ಧಿಯೆಲ್ಲ ಖರ್ಚಾಗಿಹೋಯಿತು. ಹತ್ತಿಯಿಂದ ಕಿವಿ ಒರೆಸಿ ಚುಚ್ಚಿದಳು, ಹನಿ ಬಿಟ್ಟಳು. ಕಿಟಕಿಗಳೆಲ್ಲ ಸಾಲಾಗಿ ಕೆಂಪಾದವು. ಕೆಂಪು ಸ್ವಲ್ಪ ಸುಟ್ಟ ಇಟ್ಟಂಗಿಯ ಬಣ್ಣಕ್ಕೆ ತಿರುಗಿದೆಯಲ್ಲ ಎಂದು ಒಂದು ಕ್ಷಣ ಅನಿಸಿತು. ಅಷ್ಟರಲ್ಲಿ ಗುರುಲಿಂಗಪ್ಪನವರ ಮುಖ ಬಿಳಿಚಿಕೊಂಡಿತ್ತು, ಊರೇ ಕೊಟ್ಟಿಗೆಯ ಮುಂದೆ ಸೇರಿತ್ತು.

ಪಶು ಡಾಕ್ಟರ್ ಅಣವೀರಪ್ಪ ಬಂದು ಬೇರೆ ರಕ್ತ ತೆಗೆದು ದೊಡ್ಡ ಲ್ಯಾಬಿಗೆ ಕಳಿಸಿದರು. ಒಂದಕ್ಕೂ ರೋಗವಿಲ್ಲ ಎಂದು ಉತ್ತರ ಬಂತು.

“ಆ ಹುಡುಗಿ ಕಾಗದಕ್ಕ ನಲ್ಲಿ ನೀರ್ ಕುಡಿಸಿದ್ರೂ ಕೆಂಪ ಆಗ್ತದ” ಎಂದು ಗುರುಲಿಂಗಪ್ಪ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಅಂದರಂತೆ. ಕೂತವರೆಲ್ಲ ನಕ್ಕರಂತೆ. ಅತ್ತೆ ಫೋನಿನಲ್ಲಿ ಇದನ್ನು ಹೇಳಿದಾಗ ಪಂಚಶೀಲಾ ಕೇಳಿದಳು, “ಅತ್ತಿ, ಡಾಕ್ಟ್ರು ರಕ್ತ ತಗೋವಾಗ ಅಂಬಮ್ಮ ಅರಿಶಿನ ಹಚ್ಚಿದ್ಳೇನು?”

“ಅವರಿಗ್ಯಾಕ ಹಚ್ಚತಾಳ? ಅವರು ಅವರ ಮಂದಿ.”

ಪಂಚಶೀಲಾ ಫೋನ್ ಇಟ್ಟು ಅಡುಗೆಮನೆಯ ಅರಿಶಿನದ ಡಬ್ಬಿಯನ್ನೇ ಎತ್ತಿಕೊಂಡು ಲ್ಯಾಬಿಗೆ ಹೋದಳು. ಚಿಟಿಕೆ ಅರಿಶಿನ, ಮೇಲೆ ತನ್ನ ಕ್ಷಾರದ ದ್ರವ. ಇಟ್ಟಂಗಿ ಕೆಂಪು. ಅರಿಶಿನದ ಕಲೆಗೆ ಸಾಬೂನು ತಾಗಿದರೆ ಕೆಂಪಾಗುತ್ತದೆ ಎಂದು ಬಟ್ಟೆ ಒಗೆದ ಯಾವ ಹೆಂಗಸಿಗೂ ಗೊತ್ತು. ಅವಳಿಗೂ ಗೊತ್ತಿತ್ತು. ಆವತ್ತು ಕೊಟ್ಟಿಗೆಯಲ್ಲಿ ನೆನಪಾಗಲಿಲ್ಲ, ಅಷ್ಟೆ.

ಗೈಡ್ ಅರುಣಕುಮಾರ ಎಲ್ಲ ಕೇಳಿಸಿಕೊಂಡು ತಲೆಯಾಡಿಸಿದರು. “ಅರಿಶಿನದಿಂದ ತಪ್ಪು ಫಲಿತಾಂಶ ಬರ್ತದ ಅಂತ ಬರಿ. ಯಾರು ಹಚ್ಚಿದ್ರು, ಯಾಕ ಹಚ್ಚಿದ್ರು ಅನ್ನೋದು ವಿಜ್ಞಾನ ಅಲ್ಲ, ನೋಡು.” ಅವಳು ಹಾಗೆಯೇ ಬರೆದಳು.

ಮಳೆಗಾಲ ಬಂತು, ನೊಣ ಹೆಚ್ಚಾದವು. ಕೆಂಚಿ ಮೇವು ಬಿಟ್ಟಿದೆ, ಮೈ ಬಿಸಿ ಇದೆ ಎಂದು ಅತ್ತೆ ಫೋನ್ ಮಾಡಿದಳು. ಪಂಚಶೀಲಾ ಓಡಿ ಬಂದು ಕೆಂಚಿಯ ಕಿವಿ ತೊಳೆದು, ಒರೆಸಿ, ಹನಿ ತೆಗೆದಳು. ಮೈಮೇಲೆ ಒಂದು ಗಂಟೂ ಇರಲಿಲ್ಲ. ಕಿಟಕಿ ಗುಲಾಬಿಯಾಯಿತು, ಆಮೇಲೆ ಸ್ಪಷ್ಟ ಕೆಂಪು. ಈ ಸಲ ಇಟ್ಟಂಗಿ ಬಣ್ಣವಲ್ಲ. ತನ್ನ ಕಾಗದ ಮೊದಲ ಸಲ ಖರೆ ಹೇಳಿದ್ದು ಅತ್ತೆಯ ಆಕಳ ಮೇಲೆ ಎಂದು ಅವಳಿಗೆ ಅಳುವೇ ಬಂತು.

ಇನ್ನೂ ಹೊತ್ತು ಮೀರಿರಲಿಲ್ಲ. ಕೆಂಚಿಯನ್ನು ಸೊಳ್ಳೆಪರದೆ ಕಟ್ಟಿ ಬೇರೆ ಇಟ್ಟು ಆರೈಕೆ ಮಾಡಿ, ಊರಿನ ಉಳಿದ ದನಗಳಿಗೆ ತಕ್ಷಣ ಲಸಿಕೆ ಹಾಕಿಸಿದರೆ ರೋಗವನ್ನು ತಡೆಯಬಹುದಿತ್ತು. ಅವಳು ಅಣವೀರಪ್ಪನವರ ಹತ್ತಿರ ಹೋದಳು. “ಗಂಟು ಎಲ್ಲಿ ಅವ?” ಎಂದರು. ಗುರುಲಿಂಗಪ್ಪನವರ ಹತ್ತಿರ ಹೋದಳು.

“ತಪ್ಪು ಆ ಅರಿಶಿನದ್ದರೀ, ಕಾಗದದ್ದಲ್ಲ” ಎಂದಳು.

“ಅರಿಶಿನಕ್ಕ ತಪ್ಪು ಹಚ್ಚತಿ? ಹೋಗವ್ವಾ, ಹೋಗು. ಒಮ್ಮಿ ಊರಿಗೆಲ್ಲ ಹೆದರಿಕಿ ಹಾಕಿದ್ದು ಸಾಕು.”

ಬಾಗಿಲು ಬಾಗಿಲಿಗೆ ಹೋಗಿ ಹೇಳಿದಳು. ಎಲ್ಲರೂ ಹ್ಞೂಂ ಎಂದರು, ಯಾರೂ ಕೇಳಿಸಿಕೊಳ್ಳಲಿಲ್ಲ. ಇಷ್ಟೊಂದು ಸುಳ್ಳು ಕಿವಿ ಯಾವ ವೈರಸ್ಸಿಗೂ ಸಾಧ್ಯವಿಲ್ಲ ಎಂದು ಬಸ್ಸಿನಲ್ಲಿ ಕೂತು ಅವಳು ಹಲ್ಲು ಕಡಿದಳು.

ಒಂದು ವಾರಕ್ಕೆ ಕೆಂಚಿಯ ಕುತ್ತಿಗೆ, ಕೆಚ್ಚಲು, ಕಾಲುಗಳ ಮೇಲೆಲ್ಲ ಗಂಟು ಎದ್ದವು. ಆಗ ಎಲ್ಲರಿಗೂ ಕಣ್ಣು ಬಂತು. ರೋಗ ಹಣಮಮ್ಮನ ಮನೆಯಿಂದಲೇ ಹೊರಟಿತು ಎಂದರು. ಹಾಲು ಯಾರೂ ಕೊಳ್ಳಲಿಲ್ಲ, ಬೋರಿನ ಹತ್ತಿರ ಕೊಡ ಇಡಗೊಡಲಿಲ್ಲ. ಆಕಳು ನಿಲ್ಲಲಾರದೆ ಕೂತಿತು, ಕೂತದ್ದು ಏಳಲಿಲ್ಲ. ಹೂಳಲು ಜೊತೆಗೆ ಬಂದವರು ಕೇರಿಯವರಷ್ಟೇ. ಅತ್ತೆ ಅಳಲಿಲ್ಲ, ಖಾಲಿ ಗೂಟದ ಮುಂದೆ ಕೂತು ಹಗ್ಗ ಸುತ್ತಿ ಸುತ್ತಿ ಬಿಚ್ಚುತ್ತಿದ್ದಳು.

ಗುರುಲಿಂಗಪ್ಪನವರ ಕೊಟ್ಟಿಗೆಯಲ್ಲಿ ಎರಡು ದನಕ್ಕೆ ಗಂಟು ಎದ್ದ ದಿನ ಅವರೇ ಫೋನ್ ಮಾಡಿದರು. ದನಿ ಬೇರೆಯಾಗಿತ್ತು.

“ಮಗಳೇ, ನಿನ್ನ ಕಾಗದಾ ತಗೊಂಡು ಬಾರವ್ವಾ. ಉಳಿದವುದ್ರಾಗ ಯಾವ್ದಕ್ಕ ರೋಗ ಹತ್ತ್ಯದ, ಯಾವ್ದಕ್ಕಿಲ್ಲ ತಿಳೀಬೇಕು. ಬೇರೆ ಕಟ್ಟತೀನಿ.”

ಹೋಗಬಾರದು ಎಂದು ಪಂಚಶೀಲಾ ತೀರ್ಮಾನಿಸಿಬಿಟ್ಟಿದ್ದಳು. ಅನುಭವಿಸಲಿ ಎನ್ನಿಸುತ್ತಿತ್ತು. ಅತ್ತೆಯೇ ಎಬ್ಬಿಸಿದಳು. “ಅವರ ಮ್ಯಾಲಿನ ಸಿಟ್ಟು ದನದ ಮ್ಯಾಲ ತೀರಿಸ್ತೀಯೇನು? ಬಾಯಿಲ್ಲದ ಜೀವ ಅವು. ಹೋಗು.”

ಕೊಟ್ಟಿಗೆಯ ಮುಂದೆ ಈ ಸಲ ಗುಂಪಿರಲಿಲ್ಲ. ಗುರುಲಿಂಗಪ್ಪ ಎದ್ದು ನಿಂತು ಕೈಮುಗಿದರು. ಅವರ ಹಿಂದೆ ಅಂಬಮ್ಮ ನಿಂತಿದ್ದಳು, ಕೈಯಲ್ಲಿ ಅದೇ ಬಟ್ಟಲು. ಪಂಚಶೀಲಾ ಈ ಸಲ ನಾಲಿಗೆ ಕಚ್ಚಿಕೊಳ್ಳಲಿಲ್ಲ.

“ಅವ್ವಾರೆ, ಅರಿಶಿನ ಬ್ಯಾಡ್ರೀ. ಹೋದ ಸಲ ಎಲ್ಲಾ ಕೆಟ್ಟಿದ್ದು ಅದ್ರಿಂದಾನ. ಅರಿಶಿನ ನನ್ನ ಔಷಧಕ್ಕ ತಾಗಿದ್ರ ಕೆಂಪಾಗ್ತದ. ಯಾವುದು ರೋಗ, ಯಾವುದು ಅರಿಶಿನ ತಿಳಿಯೂದಿಲ್ಲ. ಅದರಿಂದಾನ ಊರು ನನ್ನ ಮಾತು ನಂಬಲಿಲ್ಲ, ನಮ್ಮತ್ತಿ ಆಕಳ ಸತ್ತಿತು.”

ಅಂಬಮ್ಮನ ಕಣ್ಣಲ್ಲಿ ನೀರು ಬಂತು, ಅದು ನಾಟಕದ್ದಲ್ಲ. ಬಟ್ಟಲನ್ನು ಸೆರಗಿನ ಹಿಂದಕ್ಕೆ ಸರಿಸಿಕೊಂಡು ಮೆಲ್ಲಗೆ, ತಪ್ಪು ತಿದ್ದಿಕೊಂಡವಳ ದನಿಯಲ್ಲಿ ಹೇಳಿದಳು.

“ಆಯ್ತು ಯವ್ವಾ, ತಿಳೀತು. ನೀ ಮೊದಲ ರಕ್ತಾ ತಗೋ. ನೀ ಮುಟ್ಟಿ ಆದ ಮ್ಯಾಲ ಹಚ್ಚತೀನಿ.”

ಅದಕ್ಕೆ ಬೇಡ ಎನ್ನಲು ಪಂಚಶೀಲಾಳ ವಿಜ್ಞಾನದಲ್ಲಿ ಯಾವ ಕಾರಣವೂ ಇರಲಿಲ್ಲ. ಅವಳು ಬಗ್ಗಿ ಮೊದಲ ಆಕಳ ಕಿವಿ ಒರೆಸಿ, ಚುಚ್ಚಿ, ಹನಿ ತೆಗೆದಳು. ಎದ್ದು ಎರಡನೆಯದರ ಹತ್ತಿರ ಹೋಗುವಷ್ಟರಲ್ಲಿ ಮೊದಲನೆಯದರ ಕಿವಿ ಹಳದಿಯಾಗಿತ್ತು.